ಪಾರಿವಾಳವನ್ನು ಹಾರಿಬಿಟ್ಟಿದ್ದೇನೆ

ಪ್ರಸಾದಣ್ಣ,

ನೀನು ತಂದು ಬುಟ್ಟಿ ಮುಚ್ಚಿಟ್ಟಿದ್ದ ಪಾರಿವಾಳವನ್ನು ಹಾರಿಬಿಟ್ಟಿದ್ದೇನೆ. ಅದರ ರಕ್ತ ತಿಕ್ಕಿದರೆ ಲಕ್ವ ಹೋಗುತ್ತದೆ ಎಂದು ನೀನು ಹುಡುಕಿಕೊಂಡು ಹೋಗಿದ್ದಾಗ ನಾನು ಅಪ್ಪನನ್ನು ಆಟೋದಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆ. ಶುರುವಾಗಿದ್ದು ಎಷ್ಟು ಗಂಟೆಗೆ ಎಂದು ಡಾಕ್ಟರ್ ಮೊದಲು ಕೇಳಿದರು. ಏಳೂ ಹತ್ತಕ್ಕೆ ಕಾಫಿ ಲೋಟ ಕೈಜಾರಿತು ಎಂದೆ. ನೋಡಿದ್ದವಳು ನಾನೊಬ್ಬಳೇ.

ಮಿದುಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸಲು ಇಂಜೆಕ್ಷನ್ ಕೊಟ್ಟರು. ಜೊತೆಗೆ ಕಿವಿಯ ಪಕ್ಕ ಅಲ್ಟ್ರಾಸೌಂಡ್ ಹಿಡಿದರೆ ನೆರವಾಗಬಹುದು, ಆದರೆ ಅದಿನ್ನೂ ಪ್ರಯೋಗ, ಖಾತ್ರಿಯಿಲ್ಲ ಎಂದು ಹೇಳಿ ಮನೆಯವರ ಸೈನ್ ಕೇಳಿದರು. ಫೋನಿನಲ್ಲಿ ನೀನು, "ಬಸುರಿ ಹೊಟ್ಟೆಗೆ ಮಾಡೋದನ್ನ ಅಪ್ಪನ ತಲೆಗೆ ಮಾಡಿಸ್ತೀಯೇನೇ? ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು ಸೈನ್ ಹಾಕಿದ್ರೆ ಕೈ ಮುರೀತೀನಿ" ಎಂದು ಕೂಗಿದೆ. ನಾನು ಹಾಕಿದೆ. ಕೈ ನೆಟ್ಟಗಿದೆ, ಈ ಚೀಟಿ ಅದರಲ್ಲೇ ಬರೆದದ್ದು.

ಸಾರು ಇದೆ, ಬಿಸಿ ಮಾಡಿಕೊ. ಅಪ್ಪನ ಪಂಚೆ, ಕನ್ನಡಕ ತಗೊಂಡು ಮತ್ತೆ ಆಸ್ಪತ್ರೆಗೆ ಹೊರಟಿದ್ದೇನೆ. ಎಣ್ಣೆ ತಿಕ್ಕುವವರನ್ನು ವಾರ್ಡಿಗೆ ಕರೆತಂದರೆ ಎಲ್ಲರ ಮುಂದೆಯೇ ಜಗಳವಾಡುತ್ತೇನೆ. ಬಾಯಿಲ್ಲದವಳು ಎಂದುಕೊಳ್ಳಬೇಡ.

ಮಧ್ಯಾಹ್ನ ಅಪ್ಪ ತೊದಲುತ್ತ ಮಾತಾಡಿದರು. ಮೊದಲು ಕೇಳಿದ್ದು ನಿನ್ನನ್ನೇ. ಅದಕ್ಕೆ ಬಾ. ನಾನು ಕರೆಯುತ್ತಿಲ್ಲ.

ಭೂಮಿಕಾ