ಕನ್ನಡಿ ಕೋಲು ಹಿಡಿಯುವವನು

ಮಿಂಗೋ ಪಾಯಿಂಟ್, ಸೌತ್ ಕ್ಯಾರೋಲಿನಾ
ಅಕ್ಟೋಬರ್ ೧೪, ೨೦೧೮, ಭಾನುವಾರ

ನನ್ನ ಡೆಲ್ಫೀನ್,

ಹೇಗಿದ್ದೀಯ? ಆ ಬೆಟ್ಟದ ಸೀಮೆಯಲ್ಲಿ ಆಗಲೇ ಚಳಿ ಹಿಡಿದಿರಬೇಕು. ಮೊಣಕಾಲು ನೋವು ಹೇಗಿದೆ? ರೆಸಾರ್ಟಿನ ಲಾಂಡ್ರಿಯಲ್ಲಿ ವರ್ಷಗಟ್ಟಲೆ ನಿಂತು ಬಿಳಿಯರ ಹಾಸಿಗೆ ಬಟ್ಟೆ ಒಗೆದ ಕಾಲು ಅದು. ಯೂನಿವರ್ಸಿಟಿಯ ಮೆಟ್ಟಿಲುಗಳಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಹೊತ್ತಿಗೆ ಸರಿಯಾಗಿ ಉಣ್ಣು. ಹತ್ತೊಂಬತ್ತರ ಹುಡುಗರು ಪೊಟ್ಟಣದ ನೂಡಲ್ಸ್ ತಿಂದು ಬದುಕುತ್ತಾರೆ, ನಿನ್ನ ವಯಸ್ಸಿನವಳಿಗೆ ಅದು ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಸಿಂಪಿ ಹಂಗಾಮು ಶುರುವಾಗಿದೆ, ಅಂಗೈ ತುಂಬ ಗೀರು. ಏರ್ಲೀನ್ ಅತ್ತೆ ಗಟ್ಟಿಯಾಗಿದ್ದಾಳೆ. ನಮ್ಮಿಬ್ಬರನ್ನೂ ಹೂತು ಆಮೇಲೆ ಹೋಗುವ ಹೆಂಗಸು ಅವಳು. ನೀನು ಫೋನ್ ಎತ್ತುತ್ತಿಲ್ಲವಾದ್ದರಿಂದ ಈ ಕಾಗದ. ಹರಿದು ಹಾಕಬೇಕು ಅನ್ನಿಸಿದರೆ ಹಾಕು, ಆದರೆ ಓದದೆ ಹರಿಯುವ ಹೆಂಗಸು ನೀನಲ್ಲ ಅಂತ ನನಗೆ ಗೊತ್ತು.

ಒಂದು ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ನನಗೆ ಹೊಟ್ಟೆಕಿಚ್ಚು. ಹೌದು, ನಿನ್ನ ಗಂಡ ಎಜ್ರಾಗೆ ಹೊಟ್ಟೆಕಿಚ್ಚು. ನಿನ್ನ ಭೂಗೋಳದ ಪುಸ್ತಕಗಳ ಮೇಲೆ, ನೀನು ಮಲಗುವ ಆ ಹಾಸ್ಟೆಲ್ಲಿನ ಕೋಣೆಯ ಮೇಲೆ, ನೆಲ ಅಳೆಯುವ ನಿನ್ನ ಮೂರು ಕಾಲಿನ ಯಂತ್ರದ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ಕ್ಲಾಸಿನ ಆ ಕಾನರ್ ಮೇಲೆ. ಯಾಕೆ ಅಂತ ಕೇಳಬೇಡ. ನೀನು ಕಮ್ಯುನಿಟಿ ಕಾಲೇಜಿಗೆ ಹೋಗುತ್ತಿದ್ದ ಆ ಎರಡು ವರ್ಷ ಕೋಲು ಹಿಡಿದವನು ಯಾರು? ಕೆಲಸ ಮುಗಿಸಿ, ಸಂಜೆ ಕ್ಲಾಸು ಮುಗಿಸಿ, ಶನಿವಾರ ನೀನು ಕಾಲೇಜಿನ ಯಂತ್ರವನ್ನು ಎರವಲು ತಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದೆ. ತುದಿಯಲ್ಲಿ ಕನ್ನಡಿ ಇರುವ ಆ ಕೋಲನ್ನು ಹೊತ್ತು ನಾನು ಬೆಂಡೆ ತೋಟದ ಆಚೆ, ಉಪ್ಪು ಜೌಗಿನ ಅಂಚಿಗೆ ಹೋಗಿ ನಿಲ್ಲುತ್ತಿದ್ದೆ. ನೀನು ಯಂತ್ರಕ್ಕೆ ಕಣ್ಣಿಟ್ಟು ಬಲಗೈ ಎತ್ತಿದರೆ ಬಲಕ್ಕೆ, ಎಡಗೈ ಎತ್ತಿದರೆ ಎಡಕ್ಕೆ ಸರಿಯುತ್ತಿದ್ದೆ. "ನೆಟ್ಟಗೆ ನಿಂತ್ಕೊಳೋ ಎಜ್ರಾ! ಕುಡುಕನ ಹಾಗೆ ತೂರಾಡ್ತೀಯಲ್ಲ, ಗುಳ್ಳೆ ನೋಡು, ಗುಳ್ಳೆ!" ಎಂದು ನೀನು ಕೂಗುತ್ತಿದ್ದೆ. ಕೋಲಿಗೆ ಅಂಟಿಸಿದ ಆ ಪುಟ್ಟ ಗಾಜಿನ ಬಿಲ್ಲೆಯಲ್ಲಿ ನೀರಿನ ಗುಳ್ಳೆ ನಡುವಿನ ಉಂಗುರದೊಳಗೆ ಬರಲಿ ಅಂತ ನಾನು ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದೆ. ಸೊಳ್ಳೆ ಕಚ್ಚಿದರೂ ಕೈ ಆಡಿಸುತ್ತಿರಲಿಲ್ಲ. ನಮ್ಮ ಮದುವೆಯಲ್ಲಿ ಪಾದ್ರಿಯ ಎದುರು ಕೂಡ ಅಷ್ಟು ನೆಟ್ಟಗೆ ನಿಂತಿರಲಿಲ್ಲ ನಾನು.

ಈಗ ಆ ಕೋಲು ಕಾನರ್ ಕೈಯಲ್ಲಿದೆ. ಫೋನಿನಲ್ಲಿ ನೀನೇ ಹೇಳಿದ್ದೆ, "ಅವನ ಕೈ ಒಂಚೂರೂ ನಡುಗಲ್ಲ ಎಜ್ರಾ, ಗುಳ್ಳೆ ಅಲ್ಲೇ ಕೂತ್ಬಿಡುತ್ತೆ." ಹೆಂಡತಿಯ ಬಾಯಲ್ಲಿ ಇನ್ನೊಬ್ಬನ ಕೈಯ ಹೊಗಳಿಕೆ ಕೇಳಿ ಯಾವ ಗಂಡಸು ಆರಾಮಾಗಿ ಊಟ ಮಾಡಿದ್ದಾನೆ? ಅವನು ಹಾಲುಗಲ್ಲದ ಹುಡುಗ, ನಿನಗೆ ಮಗನ ವಯಸ್ಸಿನವನು ಅಂತ ನನಗೂ ಕಾಣುತ್ತದೆ. ಹೊಟ್ಟೆಕಿಚ್ಚಿಗೆ ಅದು ಕಾಣುವುದಿಲ್ಲ. ಹೋದ ತಿಂಗಳು ನಮ್ಮ ನೆಲ ಅಳೆಯಲು ನೀನು ನಿನ್ನ ಪ್ರೊಫೆಸರನ್ನೂ ಅವನನ್ನೂ ವ್ಯಾನಿನಲ್ಲಿ ಕರೆತಂದಾಗ, ಆ ಹುಡುಗ ಅತ್ತೆ ಟೊಮೆಟೊ ಹಾಕಿ ಬೇಯಿಸಿದ ಕೆಂಪು ಅನ್ನವನ್ನು ಮೂರು ಸಲ ಹಾಕಿಸಿಕೊಂಡು ತಿಂದ. ಅತ್ತೆ ಕರಗಿಯೇ ಹೋದಳು. "ಉಣ್ಣೋದು ಅಂದ್ರೆ ಹೀಗೆ ಉಣ್ಬೇಕು ಕಣೋ ಎಜ್ರಾ, ನೀನು ಇಲಿ ಕೆರೆದ ಹಾಗೆ ಕೆರೀತೀಯ." ನಾನು ಅವನಿಗೆ, "ಏನಪ್ಪಾ, ಕೋಲನ್ನ ಮದುಮಗಳ ಹಾಗೆ ತಬ್ಕೊಂಡಿದ್ದೆ ಬೆಳಗ್ಗೆಯೆಲ್ಲ" ಅಂದೆ. ಅವನು ನಕ್ಕ. ನೀನು ನಗಲಿಲ್ಲ.

ಮರುದಿನ ಬೆಳಗಾಗುವ ಹೊತ್ತಿಗೆ ನೀವು ಎರಡು ದಿನ ಬೆವರು ಸುರಿಸಿ ಹೊಡೆದ ಗೂಟಗಳಲ್ಲಿ ಒಂದೂ ಇರಲಿಲ್ಲ. ಕಿತ್ತಳೆ ರಿಬ್ಬನ್ನು ಕಟ್ಟಿದ ಅಷ್ಟೂ ಗೂಟ ಮಾಯ. ಪ್ರೊಫೆಸರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ನೀನು ನೇರ ನನ್ನ ಹತ್ತಿರ ಬಂದೆ. "ನೀನೇ ಕಿತ್ತಿದ್ದು. ಆ ಹುಡುಗನ ಮೇಲಿನ ಕಿಚ್ಚಿಗೆ ನಿಮ್ಮಪ್ಪನ ನೆಲಾನೇ ಕಳ್ದೆಯಲ್ಲೋ" ಅಂದೆ. ನಾನು ಬಾಯಿ ತೆರೆಯುವ ಮೊದಲೇ ನೀನು ವ್ಯಾನಿನ ಮುಂದಿನ ಸೀಟಿನಲ್ಲಿ, ಕಾನರ್ ಪಕ್ಕದಲ್ಲಿ ಹೋಗಿ ಕೂತೆ.

ಕೇಳು ಡೆಲ್ಫೀನ್. ನಾನು ಕೀಳಲಿಲ್ಲ. ಈ ನೆಲ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಹೊಲದಲ್ಲಿ ಗುಲಾಮನಾಗಿ ಹತ್ತಿ ಬಿಡಿಸಿದನೋ ಅದೇ ಹೊಲವನ್ನು ನಮ್ಮ ಹಿರಿಯ ಬಿಡುಗಡೆಯಾದ ಮೇಲೆ ದುಡಿದು ಕೊಂಡ. ಪಾಲು ಮಾಡಲಿಲ್ಲ, ಪತ್ರ ಮಾಡಲಿಲ್ಲ, ಎಲ್ಲ ಮಕ್ಕಳಿಗೂ ಅಂತ ಬಿಟ್ಟು ಹೋದ. ಈಗ ಈ ದ್ವೀಪವನ್ನೇ ಕಾಣದ ಯಾವನೋ ಫಿಲಡೆಲ್ಫಿಯಾದ ದಾಯಾದಿ ತನ್ನ ಪಾಲನ್ನು ಕಂಪನಿಗೆ ಮಾರಿದ. ಕಂಪನಿ ಪೂರ್ತಿ ನೆಲವನ್ನೇ ಹರಾಜು ಹಾಕಿ ಅಂತ ಕೋರ್ಟಿಗೆ ಹೋಗಿದೆ. ಅಳೆದು ಮಾಡಿದ ನಕ್ಷೆ ಇದ್ದರೆ ಕಂಪನಿಯ ಪಾಲನ್ನು ರಸ್ತೆಯ ಬದಿಗೆ ಕತ್ತರಿಸಿ ಕೊಟ್ಟು ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಂತ ನಮ್ಮ ವಕೀಲಮ್ಮ ನಿನ್ನ ಮುಂದೆ ಹೇಳಿದಷ್ಟೇ ನನ್ನ ಮುಂದೆಯೂ ಹೇಳಿದ್ದಾಳೆ. ನನ್ನ ಕಿಚ್ಚು ನನ್ನ ಹೊಟ್ಟೆಯನ್ನು ಸುಡುತ್ತದೆ. ನನ್ನ ಮನೆಯನ್ನು ಸುಡುವಷ್ಟು ಹುಚ್ಚ ನಾನಲ್ಲ.

ಹಾಗಾದರೆ ಕಿತ್ತವರು ಯಾರು? ಹುಡುಕಿಕೊಂಡು ಮನೆಮನೆಗೆ ಹೋದೆ. ಮೊದಲ ಮನೆಯಲ್ಲೇ ಸಿಕ್ಕಿತು. ಏರ್ಲೀನ್ ಅತ್ತೆಯ ಅವರೆ ಬಳ್ಳಿ ನಿನ್ನ ಗೂಟಗಳ ಮೇಲೆ ಹಬ್ಬುತ್ತಿದೆ! "ಏನತ್ತೆ ಇದು?" ಅಂದರೆ, "ಕಿತ್ತಳೆ ಬಟ್ಟೆ ಕಂಡ್ರೆ ನನ್ನ ಕೈ ತಾನಾಗೇ ಹೋಗುತ್ತೆ ಕಣೋ. ನಡಿಯೋಕೆ ಕಲಿಯೋ ಮುಂಚೆ ನಿಮ್ಮಪ್ಪ ನಿನಗೆ ಕಲಿಸಿದ್ದೇನು? ಕಂಡ ಗೂಟ ಕೀಳು, ಓಡು" ಅಂದಳು. ಡೆಲ್ಫೀನಳ ಗೂಟ ಅಂತ ಗೊತ್ತಾಗಲಿಲ್ಲವಾ ಅಂದೆ. "ನಮ್ಮ ಡೆಲ್ಫೀನ್ ಅಳೀತಾಳೆ ಅಂದ್ಕೊಂಡಿದ್ದೆ. ಗೂಟ ಹೊಡಿಯೋರು ಆ ಕಂಪನಿಯವರಲ್ವಾ?" ಅಂದಳು. ನಮ್ಮ ಚರ್ಚಿನ ಹಿರಿಯ ಡೀಕನ್ ಪ್ರಿಯೊಲೋ ಗೂಟಗಳನ್ನು ತನ್ನ ಕೋಳಿಗೂಡಿಗೆ ಹೊಡೆದುಕೊಂಡಿದ್ದ. ಹೀಗೇ ಎಲ್ಲರೂ. ಯಾರೂ ಯಾರನ್ನೂ ಕೇಳಿರಲಿಲ್ಲ, ಎಲ್ಲರೂ ನಸುಕಿನಲ್ಲಿ ಎದ್ದು ತಮ್ಮ ಮನೆಯ ಪಕ್ಕದ್ದನ್ನು ಕಿತ್ತುಕೊಂಡು ಹೋಗಿದ್ದರು. ನಮ್ಮ ಜನಕ್ಕೆ ಅದು ಮುಖ ತೊಳೆದ ಹಾಗೆ. ಮತ್ತೆ ಯಾಕಾಗಬಾರದು? ಈ ದ್ವೀಪದಲ್ಲಿ ಮೋಜಣಿಯವರು ಬಂದು ಹೋದ ಮೇಲೆ ಯಾವ ಕರಿಯನ ಮನೆ ಉಳಿದಿದೆ ಹೇಳು? ಉತ್ತರದ ತುದಿಯಲ್ಲಿ ನನ್ನ ಅಜ್ಜಿಯ ಸಮಾಧಿ ಇದೆ. ಅದಕ್ಕೆ ಹೂವಿಡಲು ಹೋಗಬೇಕಾದರೆ ರೆಸಾರ್ಟಿನ ಗೇಟಿನಲ್ಲಿ ಪಾಸು ತೋರಿಸಬೇಕು. ಅಲ್ಲಿಗೂ ಮೊದಲು ಬಂದದ್ದು ಕಿತ್ತಳೆ ರಿಬ್ಬನ್ನೇ. ನಿನ್ನ ಯೂನಿವರ್ಸಿಟಿಯ ಪೆಟ್ಟಿಗೆಯಲ್ಲೂ ಅದೇ ಬಣ್ಣ ಇತ್ತು. ಅಷ್ಟು ಓದಿದ ನಿನಗೆ ಹೊಳೆಯಲಿಲ್ಲ, ಕೋಲು ಹಿಡಿದು ಎರಡು ವರ್ಷ ನಿಂತ ನನಗೂ ಹೊಳೆಯಲಿಲ್ಲ.

ಹೋದ ಬುಧವಾರ ಚರ್ಚಿನಲ್ಲಿ ಎಲ್ಲರನ್ನೂ ಕೂಡಿಸಿದೆ. ಮಾತು ಸುಲಭಕ್ಕೆ ಬಗ್ಗಲಿಲ್ಲ. "ಅಳತೆ ಅಂದ್ರೇನೇ ಕಳ್ಳತನ. ಕಳ್ಳನ ಸಾಮಾನು ನಮ್ಮ ಕೈಲಿದ್ರೆ ಅದು ಪೂಜೆ ಸಾಮಾನಾಗುತ್ತಾ?" ಎಂದು ಡೀಕನ್ ಎದ್ದು ನಿಂತ. ನಾನೂ ಎದ್ದೆ. ಅವರು ನಮ್ಮನ್ನು ಅಳೆದೇ ಓಡಿಸಿದ್ದಾರೆ, ಇನ್ನು ನಾವು ನಮ್ಮ ನೆಲವನ್ನು ಅಳೆಯದೆ ಕೂತರೆ ಅವರ ಅಳತೆಯೇ ಕೋರ್ಟಿನಲ್ಲಿ ಸತ್ಯವಾಗುತ್ತದೆ ಅಂದೆ. ಯಾರೂ ಅಲುಗಲಿಲ್ಲ. ಆಮೇಲೆ, "ಅಳೆಯೋಳು ನನ್ನ ಹೆಂಡ್ತಿ ಡೆಲ್ಫೀನ್" ಅಂದೆ. ಎಲ್ಲರ ಮುಖ ಅರಳಿತು! "ಅದನ್ನ ಮೊದಲೇ ಹೇಳೋಕೇನು ದಾಡಿ?" ಅಂದಳು ಅತ್ತೆ. ನೋಡು, ಅಲ್ಲೂ ನನಗೆ ಉರಿಯಿತು. ನೆಲ ನನ್ನದು, ಅದರೊಳಗೆ ಮಲಗಿದ ಸತ್ತವರು ನನ್ನವರು, ಗಂಟಲು ಹರಿದುಕೊಂಡವನು ನಾನು. ಕೆಲಸ ಮಾಡಿದ್ದು ಮಾತ್ರ ಪಕ್ಕದ ದ್ವೀಪದಿಂದ ಮದುವೆಯಾಗಿ ಬಂದ ನಿನ್ನ ಹೆಸರು. ಆ ಉರಿಯಲ್ಲೂ ಎದೆ ಯಾಕೋ ಉಬ್ಬಿತ್ತು. ಅದನ್ನು ದೊಡ್ಡದು ಮಾಡಬೇಡ.

ಅತ್ತೆಯೇ ದಾರಿ ಹೇಳಿದಳು. ದೆವ್ವ ಒಳಗೆ ಬಾರದ ಹಾಗೆ ನಾವು ಬಾಗಿಲು ಕಿಟಕಿಗೆ ಬಳಿಯುವ ನೀಲಿ ಇದೆಯಲ್ಲ, ಗೂಟಕ್ಕೆ ಕಿತ್ತಳೆಯ ಬದಲು ಅದೇ ನೀಲಿ. "ನೀಲಿ ಕಟ್ಟಿದ್ದನ್ನ ಕೀಳೋ ಧೈರ್ಯ ಈ ದ್ವೀಪದಲ್ಲಿ ಯಾವನಿಗಿದೆ?" ಅಂದಳು. ಹಳೆಯ ಹಾಸಿಗೆ ಬಟ್ಟೆಗಳನ್ನು ಹರಿದು ಪಟ್ಟಿ ಮಾಡಿ ಬಣ್ಣದಲ್ಲಿ ಅದ್ದಿದ್ದೇವೆ. ಈಗ ನಮ್ಮ ಜಗುಲಿಯ ಹಗ್ಗದ ತುಂಬ ನೀಲಿ ಪಟ್ಟಿ ಒಣಗುತ್ತಿದೆ. ಡೀಕನ್ ಕೂಡ ಕೋಳಿಗೂಡು ಬಿಚ್ಚಿ ಗೂಟ ವಾಪಸ್ಸು ತಂದು ಹಾಕಿದ. "ಕೋಳಿ ಓಡಿಹೋದ್ರೆ ನಿನ್ನ ಹೆಂಡ್ತೀನೇ ಅಳೆದು ಹುಡುಕಿಕೊಡ್ಲಿ" ಅಂತ ಗೊಣಗಿಕೊಂಡೇ ಹೋದ. ಗೂಟಗಳನ್ನು ಹಳೆಯ ತೂತಿಗೆ ನಾನು ಚುಚ್ಚಲಿಲ್ಲ. ಅಲುಗಿದ ಗೂಟ ಸುಳ್ಳು ಹೇಳುತ್ತದೆ ಅಂತ ನೀನೇ ಕಲಿಸಿದ್ದು. ಎಲ್ಲ ಕಟ್ಟಿ ಇಟ್ಟಿದ್ದೇನೆ.

ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕಾನರ್‌ಗೆ ಹೇಳಿದ್ದು ಅದಕ್ಕಿಂತ ಉದ್ದ ಇದೆ, ಅದನ್ನು ನಾನು ಬರೆಯುವುದಿಲ್ಲ. ಚೆನ್ನಾಗಿ ಓದು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ನಮ್ಮ ಹಿರಿಯರು ನಿನ್ನ ಬೆನ್ನಿಗಿರಲಿ.

ನಿನ್ನ, ಹೊಟ್ಟೆ ಉರಿಯುತ್ತಲೇ ಇರುವ ಗಂಡ,
ಎಜ್ರಾ

ಮ.ಬ.: ಲಕೋಟೆ ಅಂಟಿಸುವಾಗ ವಕೀಲಮ್ಮನ ಫೋನ್ ಬಂತು. ಕೋರ್ಟಿನ ವಿಚಾರಣೆಯನ್ನು ಹಿಂದಕ್ಕೆಳೆದು ಈ ತಿಂಗಳ ಕೊನೆಗೇ ಇಟ್ಟಿದ್ದಾರಂತೆ. ನಕ್ಷೆ ಅಷ್ಟರೊಳಗೆ ಬೇಕು. ಬರುವ ಶನಿವಾರವೇ ಬಾ. ನಕ್ಷೆಗೆ ಸಹಿ ಹಾಕಲು ಪ್ರೊಫೆಸರನ್ನು ಕರೆದುಕೊಂಡು ಬಾ. ಕಾನರ್‌ನನ್ನೂ ಕರೆದು ತಾ, ಯಂತ್ರ ಹೊರಲಿ, ಗೂಟ ಹೊಡೆಯಲಿ, ಅತ್ತೆಯ ಪಾತ್ರೆ ಖಾಲಿ ಮಾಡಲಿ, ನಾನು ತುಟಿ ಬಿಚ್ಚುವುದಿಲ್ಲ. ಕೋಲು ಮಾತ್ರ ಅವನಿಗೆ ಕೊಡಬೇಡ. ಗುದ್ದಲಿ ಕಾವಿಗೆ ನೀರು ತುಂಬಿದ ಸಣ್ಣ ಶೀಸೆ ಕಟ್ಟಿಕೊಂಡು ದಿನಾ ಸಂಜೆ ಜೌಗಿನ ಅಂಚಿನಲ್ಲಿ ನಿಲ್ಲುತ್ತಿದ್ದೇನೆ. ನಿನ್ನೆ ಗುಳ್ಳೆ ಅಲುಗಲಿಲ್ಲ. ನೀನು ಕೈ ಎತ್ತು, ನಾನು ಸರಿಯುತ್ತೇನೆ.