ಜಟ್ಟೆಮ್ಮನ ಹೆಬ್ಬೆಟ್ಟು

ಮಹದೇವಪುರ
ಭಾನುವಾರ, ೧೬-೧೧-೨೦೨೫

ಪ್ರೀತಿಯ ಮಗಳು ತೇಜಶ್ರೀಗೆ,

ಕೆಮ್ಮು ಹೇಗಿದೆ? ಲಿಸ್ಬನ್ನಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು ಅಂದರೆ ನಗುತ್ತೀಯ. ಶುಕ್ರವಾರ ನಿನ್ನ ಸಾಕ್ಷ್ಯಚಿತ್ರ ಅಲ್ಲಿನ ಉತ್ಸವದಲ್ಲಿದೆ ಅಂತ ನಿಮ್ಮಮ್ಮ ರಸೆಲ್ ಮಾರುಕಟ್ಟೆಯ ಹೂವಿನವರಿಗೂ ಸಾರಿ ಬಂದಿದ್ದಾಳೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನಿನಲ್ಲಿ ಎರಡು ಸಲ ಹೇಳಲು ಹೊರಟು, ನಿನ್ನ ಊಟ ವಿಚಾರಿಸಿ ಇಟ್ಟುಬಿಟ್ಟೆ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ.

ನೀನು ಸೇರಿಸಿಹೋದ ಇಂದಿರಾನಗರದ ಫಿಲ್ಮ್ ಸೊಸೈಟಿಗೆ ತಪ್ಪದೆ ಹೋಗುತ್ತಿದ್ದೇನೆ. ಹೋದ ವಾರ ಯಾವುದೋ ದೇಶದ ಚಿತ್ರ, ಒಂದು ಗಂಟೆ ಕಾರು ಹೋಗುತ್ತಲೇ ಇತ್ತು. ಎಲ್ಲರೂ ಆಹಾ ಅಂದರು. ನಮ್ಮ ರಿಂಗ್ ರೋಡಿನಲ್ಲಿ ಕಾರು ಹಾಗೆ ಹೋದರೆ ನಾನೂ ಆಹಾ ಅನ್ನುತ್ತಿದ್ದೆ! ಇವತ್ತಿನದು ರಾಜಕೀಯದ ಸಾಕ್ಷ್ಯಚಿತ್ರ. ಅಣೆಕಟ್ಟಿಗಾಗಿ ಊರು ಕೆಡವುತ್ತಾರೆ, ಒಬ್ಬ ಮುದುಕಿ ಹೊಸಿಲ ಮೇಲೆ ಕೂತು ಅಳುತ್ತಾಳೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರೂ ಕ್ಯಾಮೆರಾ ಕದಲುವುದಿಲ್ಲ, ಕೈ ತೆಗೆಯಲಿ ಅಂತ ಕಾಯುತ್ತದೆ. ಚರ್ಚೆಯಲ್ಲಿ ಒಬ್ಬರು ಕ್ಯಾಮೆರಾದ ಧೈರ್ಯ ಹೊಗಳಿದರು. ನನಗೆ ರೇಗಿತು. ಎದ್ದು ನಿಂತು, "ಧೈರ್ಯ ಇರ್ಲಿ ಸ್ವಾಮಿ, ಆಯಮ್ಮನ್ನ ಯಾರಾದ್ರೂ ಕೇಳಿದ್ರಾ? ಬಡವರ ಕಣ್ಣೀರು ಅಂದ್ರೆ ಬೀದಿ ನಲ್ಲಿನಾ, ಯಾರ್ ಬೇಕಾದ್ರೂ ಹಿಡ್ಕೊಳ್ಳೋಕೆ?" ಅಂದೆ. ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿ ಸುಕನ್ಯ ಮುಂದಿನ ತಿಂಗಳು ನೀವೇ ಮಾತಾಡಬೇಕು ಅಂದರು. ನಾಚಿಕೆಯಾಗಿ ಕಾಫಿಯನ್ನೂ ಕುಡಿಯದೆ ಬಂದುಬಿಟ್ಟೆ.

ಬಸ್ಸಿನಲ್ಲಿ ಉದ್ದಕ್ಕೂ ನಮ್ಮ ಹಿಂದಿನ ಬೀದಿಯ ಜಟ್ಟೆಮ್ಮನದೇ ಯೋಚನೆ. ನಿನ್ನ ಚಿತ್ರದಲ್ಲಿ ಮನೆಗೆ ನುಗ್ಗಿದ ಮಳೆನೀರು ಮೊಗೆಯುತ್ತಾ, ಕಾಲುವೆ ಮುಚ್ಚಿದರು ಅಂತ ತಾನು ಕಸ ಗುಡಿಸುವ ಅಪಾರ್ಟ್‌ಮೆಂಟಿನವರನ್ನೇ ಬೈದು ಅಳುತ್ತಾಳಲ್ಲ. ಇವತ್ತಿಗೂ ಅಲ್ಲೇ ಕೆಲಸ ಅವಳಿಗೆ. ಅದನ್ನು ಚಿತ್ರದಲ್ಲಿ ತೋರಿಸಲು ನಿನಗೆ ಬೇಕಿದ್ದ ಒಪ್ಪಿಗೆ ಪತ್ರ ಹಿಡಿದು ನಾನು ಮೊದಲು ಹೋದಾಗ ಅಂದಳು: "ನಮ್ಮಪ್ಪ ಒಂದ್ಸಲ ಹೆಬ್ಬೆಟ್ಟು ಒತ್ತಿದ್ದಕ್ಕೆ ಎರಡೆಕರೆ ಹೋಯ್ತು ಸಂಜೀವಣ್ಣ, ಅಲ್ಲೇ ಈಗ ಕಸ ಗುಡಿಸ್ತಾ ಇವ್ನಿ. ಮಾತು ಬೇಕಾದ್ರೆ ಕೇಳಿಸ್ಕೊ, ಹೆಬ್ಬೆಟ್ಟು ಮಾತ್ರ ಕೇಳ್ಬೇಡ." ಆಮೇಲೆ ಉತ್ಸವದ ಗಡುವಿಗೆ ಒಂದು ದಿನ ಮುಂಚೆ ಹೆಬ್ಬೆಟ್ಟಿನ ಪತ್ರ ತಂದುಕೊಟ್ಟೆ. ನೀನು ಕುಣಿದಾಡಿ ನನ್ನನ್ನು ತಬ್ಬಿಕೊಂಡೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ನನ್ನ ಮೇಲೆ ಸಿಟ್ಟು ಬಂದರೂ ಒಳ್ಳೆಯದೇ ಆಗಲಿ.

ನಿನ್ನ ಅಪ್ಪ,
ಸಂಜೀವಪ್ಪ

ತಾ.ಕ.: ಶುಕ್ರವಾರಕ್ಕೆ ಮುಂಚೆ ಜಟ್ಟೆಮ್ಮನ ಭಾಗ ತೆಗೆದುಬಿಡು. ಆಗದಿದ್ದರೆ ಚಿತ್ರವನ್ನೇ ನಿಲ್ಲಿಸು. ಬೆಳಿಗ್ಗೆ ಅವಳ ಮನೆಗೂ ಹೋಗಿ ಹೇಳುತ್ತೇನೆ. ಆ ಪತ್ರದ ಹೆಬ್ಬೆಟ್ಟು ಅವಳದಲ್ಲ ಮಗಳೇ, ನನ್ನದು.