ಫ್ರಿಜ್ಜಿನಲ್ಲಿ ಹುಳದ ಡಬ್ಬಿ ಹುಡುಕಬೇಡ

ಬರ್ನಾರ್ಡ್,

ಓಟ್ಸ್ ಗಂಜಿ ಒಲೆಯ ಮೇಲಿದೆ, ಬಿಸಿ ಮಾಡಿಕೊ. ಊರುಗೋಲು ಬಿಟ್ಟು ಮೆಟ್ಟಿಲು ಇಳಿಯಬೇಡ. ಸೊಂಟದ ಆಪರೇಷನ್ ಆಗಿರುವುದು ನಿನಗೆ, ಅನುಭವಿಸುತ್ತಿರುವುದು ನಾನು.

ಫ್ರಿಜ್ಜಿನಲ್ಲಿ ನಿನ್ನ ಗಾಳದ ಹುಳದ ಡಬ್ಬಿ ಇಲ್ಲ. ವರ್ಷವಿಡೀ ಅದನ್ನು ಬೆಣ್ಣೆಯ ಪಕ್ಕದಲ್ಲೇ ಸಹಿಸಿದ್ದೇನೆ. ಬೇಸಿಗೆಯಲ್ಲಿ ನೀನು ಮುಚ್ಚಳ ಸರಿಯಾಗಿ ಹಾಕದೆ ಅಡುಗೆಮನೆ ತುಂಬ ನೊಣ. ಚಳಿಗಾಲದಲ್ಲಿ ಪೈಕ್ ಮೀನು ಹಿಡಿಯಲೆಂದು ತಂದ ನಾರುವ ಬೂತಾಯಿ ಮೀನು ಫ್ರೀಜರಿನಲ್ಲಿ ನನ್ನ ಬಟಾಣಿಯ ಮೇಲೆ. ಇಷ್ಟೆಲ್ಲ ಮಾಡಿ, ಹಿಡಿದ ಮೀನನ್ನು ಮುದ್ದು ಮಾಡಿ ಮತ್ತೆ ನೀರಿಗೇ ಬಿಟ್ಟು ಬರುತ್ತೀಯ. ನಾನು ಅಂಗಡಿಯಿಂದ ಮೀನು ತಂದು ಕರಿಯುತ್ತೇನೆ. ಮಾರ್ಚ್‌ನಿಂದ ಮೀನು ಮೊಟ್ಟೆಯಿಡುವ ಕಾಲ, ನದಿಗೆ ಗಾಳ ಹಾಕುವಂತಿಲ್ಲವೆಂದು ಮೂರು ತಿಂಗಳು ಮುಖ ಊದಿಸಿಕೊಂಡು ಕೂತೆ.

ನಿನ್ನೆ ನಿನ್ನ ಗಾಳದ ಗೆಳೆಯ ಟ್ರೆವರ್ ಫೋನಿನಲ್ಲಿ ಅಂದದ್ದು ನನಗೂ ಕೇಳಿಸಿತು: "ನಾಳೆಯಿಂದ ಗಾಳ ಹಾಕೋಕೆ ಬಿಡ್ತಾರೆ ಕಣಯ್ಯ. ಮೊದಲು ಕೂತೋನದೇ ಜಾಗ. ನೀನು ಆರಾಮಾಗಿ ಬಿದ್ಕೊಂಡಿರು, ನಿನ್ನ ವಿಲ್ಲೋ ಮರದ ಬುಡ ನಾನು ನೋಡ್ಕೋತೀನಿ." ಆಮೇಲೆ ನೀನು ಊಟವನ್ನೂ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದೆ.

ಹತ್ತು ಗಂಟೆಗೆ ನಿನ್ನ ತಂಗಿ ಕಾರು ತರುತ್ತಾಳೆ. ದಪ್ಪ ಸ್ವೆಟರ್ ಹಾಕಿಕೊ. ಏನನ್ನೂ ಹೊರಬೇಡ, ಕುರ್ಚಿ, ಗಾಳ, ಹುಳ ಎಲ್ಲ ನನ್ನ ಹತ್ತಿರ ಇವೆ. ಬೆಳಕು ಹರಿಯುವ ಮೊದಲೇ ನದಿಗೆ ಹೋಗಿ ನಿನ್ನ ವಿಲ್ಲೋ ಬುಡದಲ್ಲಿ ಕೂತಿರುತ್ತೇನೆ. ಟ್ರೆವರ್ ಬಂದರೆ ಬರಲಿ, ನೋಡಿಕೊಳ್ಳುತ್ತೇನೆ.

ಗಾಳಕ್ಕೆ ಹುಳ ಮಾತ್ರ ನೀನೇ ಬಂದು ಚುಚ್ಚಬೇಕು.

ಡಿಲಿಸ್